ನಾಟಕಕ್ಕೆ ಮುನ್ನ

ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯು ತಿಂಗಳ ಮೊದಲ ಭಾನುವಾರ ಕೊಂಕಣಿ ಕಾರ್ಯಕ್ರಮ ನಡೆಸುತ್ತ ಬಂದಿದೆ. ಅಲ್ಲಿನ ನಾಟಕಕ್ಕೆ ಹೊರಟ ನಮ್ಮ ಧರ್ಮಕೇಂದ್ರದ ಐವರು ಗೆಳತಿಯರು ಮೊದಲು ಹೊಟೇಲಿಗೆ ಹೋಗಿ ಗೋಳಿಬಜೆ, ಮಸಾಲೆದೋಸೆ ತಿಂದರು. ಅವರಲ್ಲೊಬ್ಬರು ಪತಿಯನ್ನು ಕಳೆದುಕೊಂಡು ಏಳು ತಿಂಗಳಾಗಿತ್ತಷ್ಟೆ.

"ವರ್ಷ ತುಂಬುವ ಮೊದಲೇ ಹೊಟೇಲು, ನಾಟಕ! ಇದು ಸರಿಯೇ, ಫಾದರ್?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. "ಈ ಏಳು ತಿಂಗಳಲ್ಲಿ ತಾವು ಆ ಮನೆಗೆ ಎಷ್ಟು ಸಲ ಹೋಗಿದ್ದೀರಿ?" ಎಂದೆ. ಆ ಪ್ರಶ್ನೆ ನನಗೂ ತಗುಲಿತು. ನಾನು ಹೋದದ್ದು ಎರಡೇ ಸಲ.

ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಹತ್ತು ಭಾಗಗಳಲ್ಲಿ ಎರಡನ್ನು ಸ್ನೇಹಕ್ಕೇ ಮೀಸಲಿಟ್ಟನು. (ಗುರುಮಠದಲ್ಲಿ ಅದನ್ನು ಓದುವಾಗ ಹೊಟೇಲಿನ ಮೇಜು ನನ್ನ ಕಣ್ಣಮುಂದೆ ಬಂದಿರಲಿಲ್ಲ!) ಅಂದು ಆ ಸಹೋದರಿಗೆ ಅರ್ಧ ದೋಸೆಗಿಂತ ಹೆಚ್ಚು ತಿನ್ನಲಾಗಲಿಲ್ಲ, ಉಳಿದರ್ಧವನ್ನು ಪಕ್ಕದಾಕೆ ಏನೂ ಹೇಳದೆ ತನ್ನ ತಟ್ಟೆಗೆಳೆದುಕೊಂಡರಂತೆ. ನಾಟಕದ ನಡುವೆ ಅವರು ಒಮ್ಮೆ ನಕ್ಕರಂತೆ.