ಎಳೆ ಎಣಿಸಿ ಮೂಡಿಸಿದ ಚಿತ್ರ

ಲೆಕ್ಕವು ಶುಷ್ಕ, ಕಲೆಯು ಸರಸ ಎಂಬ ಭೇದವು ನಮ್ಮ ಮನಸ್ಸಿನಲ್ಲಿ ಬಹುಕಾಲದಿಂದ ಬೇರೂರಿದೆ. ಧಾರವಾಡದ ಕಸೂತಿಯು ಈ ಭೇದವನ್ನು ಎಂದೂ ಒಪ್ಪಿದ್ದಿಲ್ಲ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಅದರಲ್ಲಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಅಂಬಾರಿಯ ಆನೆಗಳನ್ನು ಮೂಡಿಸಬೇಕು. ಒಂದು ಎಳೆ ತಪ್ಪಿದರೂ ಆನೆಗೆ ಸೊಂಡಿಲು ಕೂಡುವುದಿಲ್ಲ.

ಅಂಕಿಗಳನ್ನೇ ಕಲೆಯ ದ್ರವ್ಯವನ್ನಾಗಿ ಮಾಡಿಕೊಂಡವರು ನಮ್ಮ ಕಾಲದಲ್ಲಿಯೂ ಇದ್ದಾರೆ. ಜಪಾನಿನ ಐಚಿ ಪ್ರಾಂತದಲ್ಲಿ ಜನಿಸಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಆನ್ ಕವಾರಾ 1966ರ ಜನವರಿ 4ರಿಂದ ಆಯಾ ದಿನದ ದಿನಾಂಕವನ್ನೇ ಚಿತ್ರವಾಗಿ ಬರೆಯತೊಡಗಿದರು. 1968ರಿಂದ 1979ರವರೆಗೆ, ತಾವು ಎದ್ದ ವೇಳೆಯನ್ನು ಚಿತ್ರ ಕಾರ್ಡುಗಳ ಮೇಲೆ ಮುದ್ರೆಯೊತ್ತಿ ಪರಿಚಿತರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಪರದೇಶದಲ್ಲಿರುವ ನಮಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ನ್ಯೂಯಾರ್ಕಿನ ಜಾರ್ಜಿಯಾ ಲೂಪಿ, ಲಂಡನ್ನಿನ ಸ್ಟೆಫನಿ ಪೋಸಾವೆಕ್ ಎಂಬ ಇಬ್ಬರು ವಿನ್ಯಾಸಕಿಯರು ಒಂದು ವರ್ಷ ಕಾಲ ವಾರಕ್ಕೊಂದು ಸಂಗತಿಯನ್ನು ಎಣಿಸಿ, ಅದನ್ನು ಕೈಬರಹದ ಚಿತ್ರವಾಗಿಸಿ ಪರಸ್ಪರ ಕಳುಹಿಸಿಕೊಂಡರು. ಆ ಕಾರ್ಡುಗಳು 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನು ಸೇರಿದವು.

ಗೃಹಿಣಿಗೆ ಎಣಿಕೆಯು ಹೊಸದೇನಲ್ಲ. ಪತ್ರಕರ್ತೆ ಹಾನಿ ಮೊಟೊಕೊ 1904ರಲ್ಲಿ ರೂಪಿಸಿದ ಕಕೇಬೊ ಎಂಬ ಮನೆಖರ್ಚಿನ ಪುಸ್ತಕದ ಪರಂಪರೆ ಜಪಾನಿನಲ್ಲಿ ಇಂದಿಗೂ ಉಳಿದಿದೆ. ಸಗಮಿಹಾರಾಕ್ಕೆ ಬಂದ ಹೊಸತರಲ್ಲಿ ನೆರೆಮನೆಯಾಕೆಯಿಂದ ನಾನೂ ಅದನ್ನು ಕಲಿತೆ. ಹಾಲು, ಅಕ್ಕಿ, ರೈಲಿನ ಟಿಕೇಟು. ಅಂಚಿನಲ್ಲಿ ದಿನದ ಎರಡು ಮಾತು.

2011ರ ಮಾರ್ಚ್ 11ರ ಭೂಕಂಪದ ನಂತರ ಆ ಅಂಚುಗಳೇ ತುಂಬಿಹೋದವು. 14ರಿಂದ ಸರದಿಯ ಮೇಲೆ ವಿದ್ಯುತ್ ನಿಲುಗಡೆ ಆರಂಭವಾಯಿತು; ಒಂದು ಸರದಿಗೆ ಸುಮಾರು ಮೂರು ಗಂಟೆ. ಪತ್ರಿಕೆಯಲ್ಲಿ ದಿನವೂ ವಿಕಿರಣದ ಅಂಕಿ ಪ್ರಕಟವಾಗುತ್ತಿತ್ತು. ಧಾರವಾಡದಿಂದ ಅವ್ವನ ಕರೆ: "ಹುಡುಗೀನ ಕರಕೊಂಡು ಲಗೂನ ಬಂದಬಿಡು." ಎಲ್ಲವನ್ನೂ ಬರೆದಿಟ್ಟೆ.

ಹತ್ತು ವರ್ಷಗಳ ಮೇಲೆ ಆ ಪುಟಗಳನ್ನು ಕಪ್ಪು ಬಟ್ಟೆಯ ಮೇಲೆ ಕಸೂತಿಗಿಳಿಸಿದೆ. ಮಾರ್ಚ್ 11ರಿಂದ 31ರವರೆಗೆ 21 ದಿನ, 21 ಸಾಲು. ವಿಕಿರಣದ ಅಂಕಿಗೆ ಕೆಂಪು ದಾರದ ಮೆಂತ್ಯೆ ಹೊಲಿಗೆ, ಊರಿನ ಕರೆಗಳಿಗೆ ಹಳದಿ ಗವಂತಿ. ದೀಪವಿಲ್ಲದ ಗಂಟೆಗಳಿಗೆ ಹೊಲಿಗೆಯಿಲ್ಲ, ಬರಿಯ ಕಪ್ಪು. ಕಂಪ್ಯೂಟರಿನಲ್ಲಿ ಹತ್ತು ನಿಮಿಷದ ಕೆಲಸವೆಂದು ನಮ್ಮ ಮನೆಯವರು ನಕ್ಕರು. ಮಾತು ನಿಜ. ಆದರೆ ಒಂದೊಂದು ಕರೆಗೂ ಸೂಜಿಯು ಹೋಗಿ ಮರಳಿ ಬರುವಷ್ಟು ಹೊತ್ತು ಅವ್ವನ ದನಿಯನ್ನು ನೆನೆಯುವ ಅವಕಾಶ ಅಲ್ಲಿ ದೊರೆಯುತ್ತಿರಲಿಲ್ಲ. ಬಟ್ಟೆ ಮುಗಿದಾಗ ಪುಸ್ತಕದಲ್ಲಿ ಕಾಣದಿದ್ದುದು ಕಂಡಿತು. ತಿಂಗಳ ಕೊನೆಗೆ ಕೆಂಪು ಕ್ಷೀಣಿಸಿದೆ, ಹಳದಿಯು ದಟ್ಟವಾಗುತ್ತಲೇ ಸಾಗಿದೆ. ಅಪಾಯದ ಅಂಕಿ ಒಂದು ದಾರಿ ಹಿಡಿದಿದ್ದರೆ, ದೂರದಲ್ಲಿದ್ದವರ ಭಯ ಮತ್ತೊಂದು ದಾರಿ ಹಿಡಿದಿತ್ತು.

ಪುಸ್ತಕದಲ್ಲಿ ಇನ್ನೊಂದು ಲೆಕ್ಕವೂ ಇತ್ತು: ಆಗ ಹದಿಮೂರು ವರ್ಷದವಳಾಗಿದ್ದ ಮಗಳು ರಾತ್ರಿ ಅಳುತ್ತ ಎದ್ದ ಸಲಗಳು. ಅವುಗಳನ್ನು ಬಿಳಿ ದಾರದಲ್ಲಿ ಮೂಡಿಸುವ ಮುನ್ನ ಅವಳನ್ನು ಕೇಳಿದೆ. ಅಂಕಿ ಬರೆದವಳು ನಾನಾದರೂ ಆ ರಾತ್ರಿಗಳು ಅವಳವು. ಸರಕಾರವಾಗಲಿ, ಕಲಾವಿದನಾಗಲಿ, ತಾಯಿಯಾಗಲಿ, ಪರರ ಬದುಕನ್ನು ಎಣಿಸಿದವರು ಪ್ರದರ್ಶನಕ್ಕಿಡುವ ಮೊದಲು ಕೇಳಲೇಬೇಕೆಂಬುದು ನನ್ನ ನಿಲುವು. ಅವಳು ಎರಡು ದಿನ ಉತ್ತರ ಕೊಡಲಿಲ್ಲ. ಬಳಿಕ, "ಬಿಳಿ ಇರಲಿ ಅಮ್ಮಾ, ಅದು ಏನೆಂದು ಮಾತ್ರ ಬರೆಯಬೇಡ" ಎಂದಳು. ಈಗ ಅವಳ ಒಪ್ಪಿಗೆಯಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬಡಾವಣೆಯ ಸಾರ್ವಜನಿಕ ಭವನದ ಕರಕುಶಲ ಪ್ರದರ್ಶನದಲ್ಲಿ ಆ ಬಟ್ಟೆಯನ್ನು ತೂಗುಹಾಕಿದಾಗ, ಪಕ್ಕದ ಚೀಟಿಯಲ್ಲಿ ಕೆಂಪು, ಹಳದಿ, ಕಪ್ಪುಗಳಿಗಷ್ಟೇ ವಿವರಣೆಯಿತ್ತು. ವೃದ್ಧೆಯೊಬ್ಬರು ಚೀಟಿಯನ್ನೋದಿ, ಬಟ್ಟೆಯ ಬಳಿಗೆ ಬಂದು, ಬಿಳಿಯ ಹೊಲಿಗೆಗಳನ್ನು ಬೆರಳಿನಿಂದ ಗಾಳಿಯಲ್ಲೇ ಎಣಿಸಿದರು. ಏನೆಂದು ಕೇಳಲಿಲ್ಲ.