ಸೋತದ್ದು ಏಕೆಂದು ತಿಳಿದರೆ ಅರ್ಧ ಗೆದ್ದಂತೆ

ಬೇಸಿಗೆ ರಜೆಯ ಒಂದು ಮಧ್ಯಾಹ್ನ. ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಹೊರಗೆ ತೆಂಗಿನ ತೋಟ. ಒಳಗೆ ಅಟ್ಟದ ಮೇಲೆ ಕೊಬ್ಬರಿಯಾಗಲೆಂದು ಬಿಟ್ಟ ಕಾಯಿಗಳ ರಾಶಿ. ಅಟ್ಟದ ಕೆಳಗೆ ಕಂಪ್ಯೂಟರಿನ ಮುಂದೆ ಕುಳಿತ ಹುಡುಗನ ಮನಸ್ಸು ಮಾತ್ರ ಹಾಲ್ಕುರಿಕೆಯಲ್ಲಿಲ್ಲ. ಅವನ ಹಡಗುಪಡೆ ಯಾವುದೋ ದೂರದ ಗ್ರಹದ ಬಳಿ ಶತ್ರುಗಳ ನಡುವೆ ಸಿಕ್ಕಿಕೊಂಡಿದೆ.

"ಊಟಕ್ಕೆ ಬಾರೋ" ಎಂದು ತಾಯಿ ಕೂಗಿ ಅರ್ಧ ಗಂಟೆಯಾಯಿತು.

"ಬಂದೆ ಕಣಮ್ಮ, ಇದೊಂದು ಸರದಿ ಅಷ್ಟೆ" ಎಂಬ ಉತ್ತರ ಮೂರನೇ ಸಲ ಬಂತು. ಇನ್ನೇನು ಗೆದ್ದೆ ಎನ್ನುವಾಗ ಎಲ್ಲಿಂದಲೋ ಹೊಸ ಶತ್ರುಪಡೆ ಧುತ್ತನೆ ಎದುರಾಯಿತು. ಹಡಗುಗಳೆಲ್ಲ ಭಸ್ಮ. ಇದು ಒಂಬತ್ತನೇ ಸೋಲು. ಹುಡುಗ ಮೇಜನ್ನು ಗುದ್ದಿದ. "ಈ ಹಾಳು ಆಟದಲ್ಲಿ ಅಂಥಾದ್ದು ಏನೈತೋ?" ಎಂದು ತಂದೆ ಗದರಿದರು.

ಗದರಿಕೆಯಾದರೂ ಪ್ರಶ್ನೆ ಒಳ್ಳೆಯದು. ಉತ್ತರ ಹುಡುಕುವುದು ತಂದೆ, ಮಗ ಇಬ್ಬರಿಗೂ ಒಳ್ಳೆಯದು.

ಏನಿದು ಸರದಿ ಆಟ?

ಕಂಪ್ಯೂಟರ್ ಆಟಗಳೆಲ್ಲ ಗುಂಡಿ ಒತ್ತುವ ವೇಗದ ಆಟಗಳಲ್ಲ. ಕೆಲವು ಚದುರಂಗದಂತೆ ಸರದಿಯ ಮೇಲೆ ನಡೆಯುತ್ತವೆ. 1993ರಲ್ಲಿ ಬಂದ 'ಮಾಸ್ಟರ್ ಆಫ್ ಓರಿಯನ್' ಇಂಥ ಬಾಹ್ಯಾಕಾಶ ಆಟಗಳಲ್ಲಿ ಹೆಸರುವಾಸಿ. ಗ್ರಹಗಳನ್ನು ಹುಡುಕು, ನೆಲೆಯೂರು, ಹಡಗು ಕಟ್ಟು, ನೆರೆಯವರೊಡನೆ ಸಂಧಿಯನ್ನೋ ಸಮರವನ್ನೋ ಮಾಡು. ಅಲ್ಲಿ ದಾರಿ ಆಟಗಾರನದೇ.

ಇನ್ನು ಕೆಲವು ಆಟಗಳಲ್ಲಿ ಕಥೆಯೊಂದಿದ್ದು, ಅದು ಒಂದರ ನಂತರ ಒಂದು ಕಾರ್ಯಾಚರಣೆಯಾಗಿ ಸಾಗುತ್ತದೆ. ಅದಕ್ಕೆ 'ಕ್ಯಾಂಪೇನ್' ಎನ್ನುತ್ತಾರೆ. 2017ರ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಡೆಡ್‌ಲಾಕ್' ಈ ಬಗೆಯದು. ಕಥೆಯ ಕಾರ್ಯಾಚರಣೆ ಗೆಲ್ಲದೆ ಕಥೆ ಮುಂದೆ ಹೋಗುವುದಿಲ್ಲ. ಹುಡುಗರು ಕೆರಳುವುದು ಹೆಚ್ಚಾಗಿ ಇಲ್ಲಿಯೇ.

ಸಿಟ್ಟು ಬರುವುದೆಲ್ಲಿ?

ಮೊದಲನೆಯದು ಮುಚ್ಚಿಟ್ಟ ಸಂಗತಿ. ಐದನೇ ಸರದಿಗೆ ಹಿಂದಿನಿಂದ ಶತ್ರು ಬರುತ್ತಾನೆಂದು ಮೊದಲ ಸಲ ಆಡುವವನಿಗೆ ತಿಳಿಯುವ ದಾರಿಯೇ ಇರದಿದ್ದರೆ, ಒಮ್ಮೆ ಸೋತೇ ಅದನ್ನು ಕಲಿಯಬೇಕು. ಇದು ಯೋಚನೆಯ ಪರೀಕ್ಷೆಯಲ್ಲ, ಬಾಯಿಪಾಠದ ಪರೀಕ್ಷೆ.

ಎರಡನೆಯದು ಗಡುವು. ಅನ್ಯಗ್ರಹದವರೊಡನೆ ಹೋರಾಡುವ 'ಎಕ್ಸ್‌ಕಾಮ್ 2' 2016ರಲ್ಲಿ ಬಂದಾಗ, ಇಷ್ಟೇ ಸರದಿಯೊಳಗೆ ಕೆಲಸ ಮುಗಿಸಬೇಕೆಂಬ ಕಟ್ಟು ಅದರ ಅನೇಕ ಕಾರ್ಯಾಚರಣೆಗಳಲ್ಲಿತ್ತು. ನಿಧಾನವಾಗಿ ಯೋಚಿಸಲೆಂದೇ ಸರದಿ ಆಟಕ್ಕೆ ಬಂದವರು ಗೊಣಗಿದರು. ಮರುವರ್ಷದ ವಿಸ್ತರಣೆಯಲ್ಲಿ ಗಡುವು ಸಡಿಲಿಸಿಕೊಳ್ಳುವ ಅವಕಾಶ ಬಂತು.

ಮೂರನೆಯದು ಅದೃಷ್ಟ. ಗುರಿ ತಾಗುವ ಸಾಧ್ಯತೆ ಶೇ 95 ಎಂದು ಪರದೆ ಹೇಳುತ್ತದೆ, ಗುಂಡು ತಪ್ಪುತ್ತದೆ. ಹುಡುಗ "ಮೋಸ" ಎನ್ನುತ್ತಾನೆ. ಆದರೆ ಲೆಕ್ಕದ ಪ್ರಕಾರ ಇಂಥ 20 ಹೊಡೆತಗಳಲ್ಲಿ ಸರಾಸರಿ ಒಂದು ತಪ್ಪಲೇಬೇಕು. ಮೂರಕ್ಕೆ ಒಂದರ ಬಲವಿದ್ದರೆ ತಾವೇ ಗೆಲ್ಲಬೇಕೆಂದು ಆಟಗಾರರು ನಂಬುತ್ತಾರೆ ಎಂದು ಪ್ರಸಿದ್ಧ ಆಟ ರಚನಕಾರ ಸಿಡ್ ಮೇಯರ್ 2010ರ ಒಂದು ಭಾಷಣದಲ್ಲಿ ವಿವರಿಸಿದ್ದರು. ಇಲ್ಲಿ ತಪ್ಪು ಆಟದ್ದಲ್ಲ, ನಮ್ಮ ಎಣಿಕೆಯದು. ಪಿಯುಸಿಯ ಸಂಭವನೀಯತೆಯ ಪಾಠ ಇಲ್ಲಿ ಕಣ್ಣೆದುರೇ ನಡೆಯುತ್ತದೆ.

ಅರಳಿಕಟ್ಟೆಯ ಹುಲಿ

ಸರದಿ ಆಟ ನಮಗೆ ಹೊಸದಲ್ಲ. ಹಳ್ಳಿಯ ಕಟ್ಟೆಗಳ ಮೇಲೆ, ಗುಡಿಯ ಹಾಸುಗಲ್ಲುಗಳಲ್ಲಿ ಗೀರಿದ ಹುಲಿ-ಕುರಿ ಮನೆಗಳನ್ನು ಕಂಡವರು ಎಷ್ಟೋ ಮಂದಿ. ಒಂದು ಪದ್ಧತಿಯಲ್ಲಿ ಹುಲಿ 3, ಕುರಿ 15. ಹುಲಿ ಹಾರಿ ಕುರಿಯನ್ನು ಕಡಿಯುತ್ತದೆ, ಕುರಿಗಳು ಕೂಡಿ ಹುಲಿಯನ್ನು ಕಟ್ಟಿಹಾಕುತ್ತವೆ. ಸೋತ ಮೊಮ್ಮಗನಿಗೆ ತಾತ "ಅಲ್ಲಿ ನೋಡು, ಆ ಮೂಲೆ ಬಿಟ್ಟೆ" ಎಂದು ಬೆರಳಿಟ್ಟು ತೋರಿಸಬಲ್ಲರು. ಏಕೆಂದರೆ ಎಲ್ಲವೂ ಕಲ್ಲಿನ ಮೇಲೇ ಇದೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಇಂಥ ಆಟಗಳಲ್ಲಿ ಪಳಗಿದವರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಸಮಸ್ಯೆಗಳನ್ನು ರಚಿಸಿದರು. ಅವು ಬಲು ಕಠಿಣ, ಆದರೆ ಅಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಆಟ ಕಷ್ಟವಾಗಿರುವುದು ದೋಷವಲ್ಲ. ಸೋಲಿನ ಕಾರಣ ಕಾಣದಂತಿರುವುದು ದೋಷ.

ನಿಜವಾದ ಕಾರ್ಯಾಚರಣೆ

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಚಂದ್ರನ ನೆಲಕ್ಕೆ ಇಳಿಯುವಾಗ ಬೆಂಗಳೂರಿನ ನಿಯಂತ್ರಣ ಕೇಂದ್ರದ ಸಂಪರ್ಕ ಕಡಿದುಕೊಂಡಿತು. ಅಲ್ಲಿ ಹಿಂದಿನ ಸರದಿಗೆ ಮರಳುವ ಗುಂಡಿ ಇರಲಿಲ್ಲ. ಇಸ್ರೊ ಮಾಡಿದ್ದು ಕಾರಣ ಹುಡುಕುವ ಕೆಲಸ. ಎಂಜಿನ್‌ಗಳ ನೂಕುಬಲ ಎಣಿಸಿದ್ದಕ್ಕಿಂತ ಹೆಚ್ಚಾಗಿತ್ತು. ನೌಕೆ ಬೇಗನೆ ತಿರುಗಬೇಕಾಗಿದ್ದಾಗ ಅದರ ತಂತ್ರಾಂಶ ತಿರುಗುವ ವೇಗಕ್ಕೆ ಮಿತಿ ಹಾಕಿತ್ತು. ಇಳಿಯಬೇಕಿದ್ದ ಜಾಗ ಬರೀ 500 ಮೀಟರ್ ಉದ್ದಗಲದ್ದು.

ಮುಂದಿನ ಸಲ ಜಾಗವನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಲಾಯಿತು. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಿತು. ಏನೇನು ಕೆಡಬಹುದು ಎಂದು ಮೊದಲೇ ಎಣಿಸಿ ನೌಕೆಯನ್ನು ಕಟ್ಟಲಾಯಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು.

ಮನೆಯಲ್ಲಿ ಏನು ಮಾಡಬಹುದು?

ಸೋತ ಕೂಡಲೇ ಮತ್ತೆ ಶುರು ಮಾಡುವ ಬದಲು ವಿದ್ಯಾರ್ಥಿ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಲಿ: ನಾನು ಎಣಿಸಿದ್ದೇನು? ಆದದ್ದೇನು? ಅದು ಮುಂಚೆ ತಿಳಿಯುವಂತಿತ್ತೆ? ತಿಳಿಯುವಂತಿದ್ದರೆ ತಪ್ಪು ತನ್ನದು, ತಿದ್ದಿಕೊಳ್ಳಬಹುದು. ತಿಳಿಯುವಂತೆಯೇ ಇರದಿದ್ದರೆ ಆಟದ ಕಾಠಿಣ್ಯವನ್ನು ಒಂದು ಮೆಟ್ಟಿಲು ಇಳಿಸಿಕೊಂಡರೆ ನಾಚಿಕೆಯೇನಿಲ್ಲ. ಒಂದೇ ಬಗೆಯಲ್ಲಿ ಮೂರು ಸಲ ಸೋತರೆ ಅಂದಿಗೆ ಸಾಕು. ಗಣಿತದ ಲೆಕ್ಕ ತಪ್ಪಿದಾಗಲೂ ಇದೇ ಮೂರು ಸಾಲು ಕೆಲಸಕ್ಕೆ ಬರುತ್ತವೆ.

ಹೆತ್ತವರಿಗೂ ಒಂದು ಮಾತು. ಸರದಿ ಆಟ ಓಡಿಹೋಗುವುದಿಲ್ಲ. ತನ್ನ ಸರದಿ ಮುಗಿಸಿ, ಸಾಧ್ಯವಿದ್ದಲ್ಲಿ ಉಳಿಸಿಟ್ಟು, ಊಟಕ್ಕೆ ಏಳುವುದನ್ನು ಮಗ ಕಲಿಯಬಹುದು. ಆದರೆ ಆಟ ಹತೋಟಿ ತಪ್ಪಿ, ಓದು, ನಿದ್ದೆ, ಗೆಳೆತನ ಎಲ್ಲಕ್ಕಿಂತ ಮುಂದಾಗಿ, ತೊಂದರೆಯೆಂದು ತಿಳಿದೂ ಬಹುಕಾಲ ಮುಂದುವರಿದರೆ ಅದು ಬೇರೆಯೇ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ ಇದೂ ಒಂದು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ 'ಶಟ್' ಎಂಬ ಚಿಕಿತ್ಸಾಲಯ ತೆರೆಯಿತು.

ಮತ್ತೆ ಹಾಲ್ಕುರಿಕೆಯ ಮನೆಗೆ ಬರೋಣ. ಅಟ್ಟದಿಂದ ತೆಗೆದ ಕಾಯಿಯನ್ನು ತಂದೆ ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಕಳಚಿ ಗಡಗಡ ಎಂದರೆ ಸರಿ. ಕಾಯಿ ಕೆಟ್ಟಿದ್ದರೆ ಬಿರುಕೋ, ತೇವವೋ ಎಂದು ಒಡೆದು ನೋಡುತ್ತಾರೆ. ವರ್ಷದ ದುಡಿಮೆ ಅದರಲ್ಲಿದೆ. ಮಗನ ಒಂಬತ್ತನೇ ಸೋಲನ್ನೂ ಅವರು ಹಾಗೆಯೇ ಒಡೆದು ನೋಡಬಹುದು. ಪಕ್ಕದಲ್ಲಿ ಕುಳಿತು "ಎಲ್ಲಿ ತಪ್ಪಿತೋ?" ಎಂದು ಕೇಳಿದರೆ ಸಾಕು, ಮಗ ಹೇಳಲು ಶುರು ಮಾಡುತ್ತಾನೆ.

ಆದರೆ ಅದೆಲ್ಲ ಊಟವಾದ ಮೇಲೆ.