ಫ್ಯಾನ್ ಬೆಲ್ಟ್ ಮತ್ತು ಪುಲ್ಲಿ (ಹಳೆಯ ಲಾರಿಗಳು)

ಫ್ಯಾನ್ ಬೆಲ್ಟ್ ಎಂಬುದು ಎಂಜಿನ್ನಿನ ಕ್ರ್ಯಾಂಕ್ ದಂಡದ ತಿರುಗುವ ಶಕ್ತಿಯನ್ನು ರೇಡಿಯೇಟರ್ ಫ್ಯಾನ್, ನೀರಿನ ಪಂಪು, ಡೈನಮೊ ಅಥವಾ ಆಲ್ಟರ್ನೇಟರ್ ಮುಂತಾದ ಸಹಾಯಕ ಯಂತ್ರಗಳಿಗೆ ಸಾಗಿಸುವ ರಬ್ಬರಿನ ಪಟ್ಟಿ. ಈ ಪಟ್ಟಿ ಸುತ್ತುವ ಗಾಡಿಯುಳ್ಳ ಚಕ್ರವನ್ನು ಪುಲ್ಲಿ ಎನ್ನುತ್ತಾರೆ. ಶಾಲಾ ಪಠ್ಯಗಳಲ್ಲಿ ಇದಕ್ಕೆ ರಾಟೆ ಎಂಬ ಹೆಸರಿದೆ. ಹಳೆಯ ಲಾರಿಗಳಲ್ಲಿ ಸಾಮಾನ್ಯವಾಗಿ ಅಡ್ಡಕೊಯ್ತದಲ್ಲಿ ಇಂಗ್ಲಿಷಿನ 'ವಿ' ಅಕ್ಷರವನ್ನು ಹೋಲುವ ವಿ-ಬೆಲ್ಟ್‌ಗಳಿರುತ್ತವೆ.

ಹಿನ್ನೆಲೆ

ಆರಂಭದ ಮೋಟಾರು ವಾಹನಗಳಲ್ಲಿ ಚರ್ಮದ ಚಪ್ಪಟೆ ಪಟ್ಟಿಗಳು ಹಾಗೂ ಹಗ್ಗದಂತಹ ದುಂಡು ಪಟ್ಟಿಗಳು ಬಳಕೆಯಲ್ಲಿದ್ದವು. 1917ರಲ್ಲಿ ಅಮೆರಿಕದ ಜಾನ್ ಗೇಟ್ಸ್ ರಬ್ಬರು ಮತ್ತು ನೂಲಿನಿಂದ ವಿ-ಬೆಲ್ಟನ್ನು ರೂಪಿಸಿದ ಮೇಲೆ ಅವು ಕ್ರಮೇಣ ಮರೆಯಾದವು. ಭಾರತದಲ್ಲಿ ಟೆಲ್ಕೊ ಸಂಸ್ಥೆಯು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಿಂದಲೂ, ಅಶೋಕ್ ಲೇಲ್ಯಾಂಡ್ 1955ರಿಂದ ಬ್ರಿಟನ್ನಿನ ಲೇಲ್ಯಾಂಡ್ ಸಹಯೋಗದಿಂದಲೂ ಲಾರಿಗಳನ್ನು ತಯಾರಿಸಿದವು. ದೀರ್ಘಕಾಲ ದೇಶದ ರಸ್ತೆಗಳಲ್ಲಿ ಓಡಿದ ಲಾರಿಗಳಲ್ಲಿ ಹೆಚ್ಚಿನವು ಈ ಎರಡು ಪರಂಪರೆಗೆ ಸೇರಿದವು.

ಉತ್ತರ ಕನ್ನಡದ ಕರಾವಳಿಯಲ್ಲಿ ಬೆಲ್ಟಿನ ಆಯ್ಕೆಗೆ ವಿಶೇಷ ಮಹತ್ವವಿದೆ. ಕಾಳಿ ನದಿಯ ಅಳಿವೆಯ ಬಳಿಯ ದೇವಬಾಗ, ಸದಾಶಿವಗಡ ಮತ್ತು ಕಾರವಾರದಿಂದ ಮೀನು ಮೊದಲಾದ ಸರಕನ್ನು ಹೊತ್ತು ಹುಬ್ಬಳ್ಳಿಯ ಕಡೆಗೆ ಹೊರಟ ಲಾರಿಯು ಅಂಕೋಲಾ ದಾಟಿ ಯಲ್ಲಾಪುರಕ್ಕೆ ಹೋಗುವಾಗ ಅರಬೈಲು ಘಟ್ಟವನ್ನು ಏರಬೇಕು. ತುಂಬಿದ ಹೇರಿನೊಡನೆ ಕೆಳ ಗಿಯರಿನಲ್ಲಿ ನಿಧಾನವಾಗಿ ಏರುವಾಗ ರೇಡಿಯೇಟರಿಗೆ ಎದುರುಗಾಳಿ ಸಿಗುವುದು ಕಡಿಮೆ. ಎಂಜಿನ್ನನ್ನು ತಣಿಸುವ ಭಾರವೆಲ್ಲ ಫ್ಯಾನ್ ಮತ್ತು ನೀರಿನ ಪಂಪಿನ ಮೇಲೆಯೇ ಬೀಳುತ್ತದೆ. ಅಲ್ಲಿ ಬೆಲ್ಟ್ ಜಾರಿದರೆ ಅಥವಾ ಹರಿದರೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಅತಿಯಾಗಿ ಕಾದು, ಹೆಡ್ ಗ್ಯಾಸ್ಕೆಟ್ ಸುಡುವ, ಹೆಡ್ ಬಿರಿಯುವ ಸಂಭವವಿದೆ.

ಕಾರ್ಯತತ್ತ್ವ

ವಿ-ಬೆಲ್ಟ್ ಗಾಡಿಯ ತಳವನ್ನು ಮುಟ್ಟದೆ, ತನ್ನ ಎರಡು ಪಕ್ಕಗಳಿಂದ ಗಾಡಿಯ ಗೋಡೆಗಳನ್ನು ಒತ್ತಿಹಿಡಿದು ತಿರುಗುತ್ತದೆ. ಮರ ಸೀಳಲು ಬಡಿದ ಬೆಣೆಯು ಬಿಗಿಯಾಗುವಂತೆ, ಬೆಲ್ಟಿನ ಎಳೆತ ಹೆಚ್ಚಿದಷ್ಟೂ ಅದು ಗಾಡಿಯೊಳಗೆ ಬಿಗಿಯುತ್ತದೆ. ಗಾಡಿಯ ಕೋನ 38 ಡಿಗ್ರಿಯಾಗಿದ್ದಾಗ ಅದರ ಹಿಡಿತವು ಅದೇ ರಬ್ಬರಿನ ಚಪ್ಪಟೆ ಪಟ್ಟಿಯ ಹಿಡಿತದ ಸುಮಾರು 3 ಪಟ್ಟಾಗುತ್ತದೆ. ಬೆಲ್ಟಿನ ಕೋನ ಸುಮಾರು 40 ಡಿಗ್ರಿ ಇದ್ದರೂ ಪುಲ್ಲಿಯ ಗಾಡಿಯನ್ನು 34ರಿಂದ 38 ಡಿಗ್ರಿಗೆ ಕೊರೆಯುತ್ತಾರೆ. ಬಾಗಿದಾಗ ಬೆಲ್ಟಿನ ಒಳಭಾಗ ಉಬ್ಬಿ ಅದರ ಕೋನ ಕಿರಿದಾಗುವುದೇ ಇದಕ್ಕೆ ಕಾರಣ. ಪುಲ್ಲಿ ಚಿಕ್ಕದಾದಷ್ಟೂ ಗಾಡಿಯ ಕೋನವೂ ಕಡಿಮೆ.

ಬೆಲ್ಟಿನ ಅಳತೆಗಳು

ಬೆಲ್ಟನ್ನು ಆರಿಸುವಾಗ ಅಡ್ಡಕೊಯ್ತ ಮತ್ತು ಉದ್ದ ಎಂಬ ಎರಡು ಅಳತೆಗಳು ಮುಖ್ಯ. ಸಾಂಪ್ರದಾಯಿಕ ಅಡ್ಡಕೊಯ್ತಗಳು ಹೀಗಿವೆ:

ಎ – ಮೇಲಗಲ 13 ಮಿ.ಮೀ., ಎತ್ತರ 8 ಮಿ.ಮೀ.
ಬಿ – ಮೇಲಗಲ 17 ಮಿ.ಮೀ., ಎತ್ತರ 11 ಮಿ.ಮೀ.
ಸಿ – ಮೇಲಗಲ 22 ಮಿ.ಮೀ., ಎತ್ತರ 14 ಮಿ.ಮೀ.

'ಬಿ 50' ಎಂದು ಮುದ್ರಿತವಾಗಿದ್ದರೆ ಅದು ಬಿ ಅಡ್ಡಕೊಯ್ತದ, 50 ಇಂಚು ಅಂದರೆ 1270 ಮಿ.ಮೀ. ಒಳ ಉದ್ದದ ಬೆಲ್ಟ್. ವಾಹನಗಳಿಗೆಂದೇ ತಯಾರಾದ ಹಲ್ಲುಕಚ್ಚಿನ ಬೆಲ್ಟುಗಳ ಮೇಲೆ 'ಎವಿಎಕ್ಸ್ 13 × 1025 ಎಲ್ಎ' ಎಂಬಂತಹ ಗುರುತಿರುತ್ತದೆ. ಇಲ್ಲಿ 13 ಮೇಲಗಲವನ್ನೂ 1025 ಹೊರ ಉದ್ದವನ್ನೂ ಮಿಲಿಮೀಟರಿನಲ್ಲಿ ಸೂಚಿಸುತ್ತವೆ. ಒಳ ಉದ್ದಕ್ಕೂ ಹೊರ ಉದ್ದಕ್ಕೂ 8 ಮಿ.ಮೀ. ಎತ್ತರದ ಬೆಲ್ಟಿನಲ್ಲಿ ಸುಮಾರು 50 ಮಿ.ಮೀ., 11 ಮಿ.ಮೀ. ಎತ್ತರದ ಬೆಲ್ಟಿನಲ್ಲಿ ಸುಮಾರು 69 ಮಿ.ಮೀ. ಅಂತರವಿರುತ್ತದೆ. ಒಂದನ್ನು ಇನ್ನೊಂದೆಂದು ಭಾವಿಸಿ ಕೊಂಡ ಬೆಲ್ಟ್ ಲಾರಿಗೆ ಕೂಡುವುದಿಲ್ಲ.

ಹೊಸ ವಾಹನಗಳ ಬೆಲ್ಟುಗಳಲ್ಲಿ '6ಪಿಕೆ1200' ಎಂಬ ಬಗೆಯ ಗುರುತು ಕಾಣುತ್ತದೆ. ಇವು ಚಪ್ಪಟೆಯಾಗಿದ್ದು ಉದ್ದುದ್ದ ಏಣುಗಳುಳ್ಳ ಬೆಲ್ಟುಗಳು. 6 ಏಣುಗಳ ಸಂಖ್ಯೆ, 1200 ಮಿಲಿಮೀಟರಿನಲ್ಲಿ ಉದ್ದ. ಹಳೆಯ ವಿ-ಗಾಡಿಯ ಪುಲ್ಲಿಗಳ ಮೇಲೆ ಇವನ್ನು ಬಳಸಲಾಗದು.

ಸರಿಯಾದ ಬೆಲ್ಟಿನ ಆಯ್ಕೆ

ತಯಾರಕರ ಕೈಪಿಡಿ ಅಥವಾ ಬಿಡಿಭಾಗಗಳ ಪಟ್ಟಿಯಲ್ಲಿರುವ ಸಂಖ್ಯೆಯೇ ಮೊದಲ ಆಧಾರ. ಆದರೆ ಹಳೆಯ ಲಾರಿಗಳಲ್ಲಿ ಕಾಲಾನಂತರ ಪುಲ್ಲಿಯೋ ಆಲ್ಟರ್ನೇಟರೋ ಬದಲಾಗಿರುವುದುಂಟು. ಆಗ ಕಳಚಿದ ಬೆಲ್ಟಿನ ಅಳತೆಯನ್ನು ಮಾತ್ರ ನಂಬಬಾರದು. ಅದು ಹಿಗ್ಗಿರಬಹುದು, ಸವೆದು ಕಿರಿದಾಗಿರಬಹುದು.

ಆಲ್ಟರ್ನೇಟರನ್ನು ಅದರ ಬಿಗಿಸುವ ಪಟ್ಟಿಯ ಸೀಳಿನಲ್ಲಿ ಎಂಜಿನ್ನಿಗೆ ಸಮೀಪವಾಗಿ ನಿಲ್ಲಿಸಿ, ಎಲ್ಲ ಪುಲ್ಲಿಗಳ ಅಂಚಿನ ಮೇಲೆ ದಾರ ಸುತ್ತಿ ಅಳೆದರೆ ಹೊರ ಉದ್ದದ ಅಂದಾಜು ದೊರೆಯುತ್ತದೆ. ಎರಡೇ ಪುಲ್ಲಿಗಳಿದ್ದಲ್ಲಿ ಲೆಕ್ಕದಿಂದಲೂ ತಿಳಿಯಬಹುದು: ಕೇಂದ್ರಗಳ ನಡುವಿನ ದೂರದ ಎರಡರಷ್ಟು, ಎರಡು ವ್ಯಾಸಗಳ ಮೊತ್ತದ 1.57ರಷ್ಟು, ಹಾಗೂ ವ್ಯಾಸಗಳ ವ್ಯತ್ಯಾಸದ ವರ್ಗವನ್ನು ಕೇಂದ್ರದೂರದ ನಾಲ್ಕರಷ್ಟರಿಂದ ಭಾಗಿಸಿದ ಫಲ – ಈ ಮೂರನ್ನು ಕೂಡಿಸಬೇಕು. ಉದಾಹರಣೆಗೆ ವ್ಯಾಸಗಳು 180 ಮತ್ತು 80 ಮಿ.ಮೀ., ಕೇಂದ್ರದೂರ 400 ಮಿ.ಮೀ. ಆಗಿದ್ದರೆ, 800 + 408 + 6, ಅಂದರೆ ಸುಮಾರು 1214 ಮಿ.ಮೀ. ಉದ್ದ ಬೇಕಾಗುತ್ತದೆ. ವ್ಯಾಸಗಳನ್ನು ಯಾವ ಮಟ್ಟದಲ್ಲಿ ಅಳೆಯುತ್ತೇವೆಯೋ ಉದ್ದವೂ ಅದೇ ಮಟ್ಟದ್ದಾಗಿರುತ್ತದೆ.

ಹೊಸ ಬೆಲ್ಟನ್ನು ಹಾಕಿದಾಗ ಬಿಗಿಸುವ ಸೀಳಿನ ಬಹುಭಾಗ ಉಳಿದಿರಬೇಕು. ಮುಂದೆ ಬೆಲ್ಟ್ ಹಿಗ್ಗಿದಾಗ ಬಿಗಿಸಲು ಅದು ಅಗತ್ಯ. ಜೋಡಿ ಬೆಲ್ಟಿರುವ ಎಂಜಿನ್ನುಗಳಲ್ಲಿ ಒಂದು ಹರಿದರೂ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹಿಗ್ಗಿದ ಹಳೆಯ ಬೆಲ್ಟ್ ಭಾರ ಹೊರದೆ, ಹೊಸದರ ಮೇಲೆಯೇ ಎಲ್ಲ ಹೊರೆ ಬೀಳುತ್ತದೆ.

ಪುಲ್ಲಿಯ ಆಯ್ಕೆ

ಪುಲ್ಲಿಗಳ ವ್ಯಾಸವು ವೇಗವನ್ನು ನಿರ್ಧರಿಸುತ್ತದೆ. 180 ಮಿ.ಮೀ. ಕ್ರ್ಯಾಂಕ್ ಪುಲ್ಲಿಯು 75 ಮಿ.ಮೀ. ಆಲ್ಟರ್ನೇಟರ್ ಪುಲ್ಲಿಯನ್ನು 2.4 ಪಟ್ಟು ವೇಗದಲ್ಲಿ ತಿರುಗಿಸುತ್ತದೆ: ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗಿದಾಗ ಆಲ್ಟರ್ನೇಟರ್ 1440 ಸುತ್ತು ತಿರುಗುತ್ತದೆ. ಡೈನಮೊ ತೆಗೆದು ಆಲ್ಟರ್ನೇಟರ್ ಜೋಡಿಸುವಾಗ ಡೈನಮೊದ ದೊಡ್ಡ ಪುಲ್ಲಿಯನ್ನೇ ಉಳಿಸಿಕೊಂಡರೆ ವೇಗ ಸಾಲದೆ ಬ್ಯಾಟರಿ ಸರಿಯಾಗಿ ಚಾರ್ಜ್ ಆಗುವುದಿಲ್ಲ.

ಹೆಚ್ಚು ಗಾಳಿ ಬರಲೆಂದು ಫ್ಯಾನಿಗೆ ಚಿಕ್ಕ ಪುಲ್ಲಿ ಹಾಕುವುದೂ ಲಾಭದಾಯಕವಲ್ಲ. ಫ್ಯಾನ್ ಹೀರುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾದುದರಿಂದ, ವೇಗ ಶೇ. 10 ಹೆಚ್ಚಿದರೆ ಶಕ್ತಿಯ ವ್ಯಯ ಸುಮಾರು ಶೇ. 33 ಹೆಚ್ಚುತ್ತದೆ. ಅಲ್ಲದೆ ತೀರ ಚಿಕ್ಕ ಪುಲ್ಲಿಯ ಮೇಲೆ ದಪ್ಪ ಬೆಲ್ಟ್ ಅತಿಯಾಗಿ ಬಾಗಿ ಬೇಗ ಬಿರಿಯುತ್ತದೆ. ಕೈಗಾರಿಕಾ ಬಳಕೆಯಲ್ಲಿ ಎ ಬೆಲ್ಟಿಗೆ 75, ಬಿ ಬೆಲ್ಟಿಗೆ 125 ಮಿ.ಮೀ. ಕನಿಷ್ಠ ವ್ಯಾಸವೆಂದು ಪರಿಗಣಿಸುತ್ತಾರೆ. ಹಲ್ಲುಕಚ್ಚಿನ ಬೆಲ್ಟುಗಳು ಚಿಕ್ಕ ಪುಲ್ಲಿಗಳಿಗೆ ಹೆಚ್ಚು ಹೊಂದುತ್ತವೆ.

ಸವೆದ ಪುಲ್ಲಿಯನ್ನು ಗುರುತಿಸುವುದು ಸುಲಭ. ಗಾಡಿಯ ಗೋಡೆ ಒಳಕ್ಕೆ ತಗ್ಗಾಗಿದ್ದರೆ, ತಳ ಹೊಳೆಯುತ್ತಿದ್ದರೆ, ಹೊಸ ಬೆಲ್ಟ್ ಅಂಚಿಗಿಂತ ಬಹಳ ಕೆಳಗೆ ಕೂತರೆ ಪುಲ್ಲಿಯನ್ನೇ ಬದಲಿಸಬೇಕು. ತಳ ಮುಟ್ಟಿದ ಬೆಲ್ಟಿಗೆ ಬೆಣೆಯ ಹಿಡಿತ ಇಲ್ಲವಾಗುತ್ತದೆ. ಎಷ್ಟು ಬಿಗಿದರೂ ಅದು ಜಾರುತ್ತದೆ.

ಜೋಡಣೆ ಮತ್ತು ಬಿಗಿತ

ಬೆಲ್ಟನ್ನು ಆಲ್ಟರ್ನೇಟರ್ ಸಡಿಲಿಸಿಯೇ ಹಾಕಬೇಕು. ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಿದರೆ ಒಳಗಿನ ನೂಲು ಕಡಿದು, ಹೊರನೋಟಕ್ಕೆ ಚೆನ್ನಾಗಿರುವ ಬೆಲ್ಟ್ ಅಕಾಲದಲ್ಲಿ ಹರಿಯುತ್ತದೆ. ಪುಲ್ಲಿಗಳೆಲ್ಲ ಒಂದೇ ಸಾಲಿನಲ್ಲಿವೆಯೇ ಎಂಬುದನ್ನು ನೇರ ಪಟ್ಟಿಯಿಂದ ಪರೀಕ್ಷಿಸಬೇಕು. ಬಹುತೇಕ ಹಳೆಯ ಲಾರಿಗಳಲ್ಲಿ ಅತಿ ಉದ್ದದ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟ್ 10–15 ಮಿ.ಮೀ. ತಗ್ಗುವುದು ಸರಿಯಾದ ಬಿಗಿತ. ಕಡಿಮೆಯಾದರೆ ಬೆಲ್ಟ್ ಜಾರಿ ಸುಡುತ್ತದೆ. ಅತಿಯಾದರೆ ನೀರಿನ ಪಂಪಿನ ಹಾಗೂ ಆಲ್ಟರ್ನೇಟರಿನ ಬೇರಿಂಗುಗಳು ಕೆಡುತ್ತವೆ. ಹೊಸ ಬೆಲ್ಟ್ ಮೊದಲ ಓಡಾಟದಲ್ಲಿ ಗಾಡಿಗೆ ಹೊಂದಿ ಸಡಿಲಗೊಳ್ಳುವುದರಿಂದ ಮರುದಿನ ಮತ್ತೊಮ್ಮೆ ಬಿಗಿಸಬೇಕು.

ಕರಾವಳಿಯ ಪರಿಣಾಮಗಳು

ಉಪ್ಪುಗಾಳಿಯಿಂದ ನಿಂತ ಲಾರಿಯ ಪುಲ್ಲಿಗಳಿಗೆ ತುಕ್ಕು ಹಿಡಿಯುತ್ತದೆ. ಒರಟಾದ ಗಾಡಿ ಬೆಲ್ಟಿನ ಪಕ್ಕಗಳನ್ನು ಉಜ್ಜುತ್ತದೆ. 2000ರ ದಶಕದಲ್ಲಿ ಬಳ್ಳಾರಿ, ಹೊಸಪೇಟೆಗಳಿಂದ ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರಿಗೆ ಲಾರಿಗಳು ಕಬ್ಬಿಣದ ಅದಿರು ಸಾಗಿಸುತ್ತಿದ್ದವು. ಅಂತಹ ಅದಿರಿನ ಧೂಳು ಗಾಡಿಯಲ್ಲಿ ಕುಳಿತರೆ ಅರದಂತೆ ಕೆಲಸ ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಸಡಿಲ ಬೆಲ್ಟ್ ನೆನೆದು ಕೀರಲು ಸದ್ದು ಮಾಡುತ್ತ ಜಾರುತ್ತದೆ. ಆದುದರಿಂದ ಮಳೆಗಾಲಕ್ಕೆ ಮುನ್ನ ಗಾಡಿಗಳನ್ನು ಶುಚಿಗೊಳಿಸಿ ಬಿಗಿತ ನೋಡುವುದು ಒಳ್ಳೆಯದು.

ಸುರಕ್ಷತೆ

ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಸಂಪರ್ಕ ಕಳಚಿದ ನಂತರವೇ ಬೆಲ್ಟಿನ ಕೆಲಸಕ್ಕೆ ಕೈಹಾಕಬೇಕು. ಒಂದೇ ಬೆಲ್ಟ್ ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ತಿರುಗಿಸುವ ಲಾರಿಯಲ್ಲಿ ಚಾರ್ಜಿಂಗ್ ದೀಪ ಹೊತ್ತಿ, ಉಷ್ಣತೆಯ ಮುಳ್ಳು ಏರತೊಡಗಿದರೆ ಬೆಲ್ಟ್ ಹರಿದಿದೆ ಎಂದೇ ತಿಳಿದು ಕೂಡಲೇ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಬೇಕು. ಕಾದ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಕೆಲವು ಎಂಜಿನ್ನುಗಳಲ್ಲಿ ಬ್ರೇಕಿನ ಏರ್ ಕಂಪ್ರೆಸರ್ ಕೂಡ ಬೆಲ್ಟಿನಿಂದಲೇ ತಿರುಗುತ್ತದೆ. ಅಂತಹ ಲಾರಿಯಲ್ಲಿ ಬೆಲ್ಟ್ ಹರಿದ ಮೇಲೆ ಟ್ಯಾಂಕಿನಲ್ಲಿ ಉಳಿದ ಗಾಳಿಯಷ್ಟೇ ಬ್ರೇಕಿಗೆ ಆಧಾರವಾದುದರಿಂದ ಘಟ್ಟ ಇಳಿಯುವ ಸಾಹಸ ಮಾಡಬಾರದು. ಘಟ್ಟದ ದಾರಿಯಲ್ಲಿ ಓಡುವ ಹಳೆಯ ಲಾರಿಯಲ್ಲಿ ಅಳತೆಗೆ ಸರಿಹೊಂದುವ ಒಂದು ಹೆಚ್ಚುವರಿ ಬೆಲ್ಟ್, ಅದನ್ನು ಬದಲಿಸಲು ಬೇಕಾದ ಪಾನಾಗಳು ಸದಾ ಇರುವುದು ಕ್ಷೇಮ.